ತುಟಿ ನೋಡಿ ಕೇಳುವವರು

ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದವರೊಬ್ಬರು ನನ್ನನ್ನು ‘ಮೂಕರಿಗೆ ಮಾತು ಕೊಟ್ಟ ತಾಯಿ’ ಎಂದು ಹೊಗಳಿದರು. ನಾನು ಕುಳಿತಲ್ಲಿಂದಲೇ “ಅದು ಖರೆ ಅಲ್ಲರಿ” ಎಂದೆ. ಮೈಕು ಹತ್ತಿರವೇ ಇದ್ದುದರಿಂದ ಇಡೀ ಸಭಾಗೃಹಕ್ಕೆ ಕೇಳಿಸಿತು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಸನ್ಮಾನದ ಹೊತ್ತಿನಲ್ಲೂ ಈ ಹೆಂಗಸಿನ ತಕರಾರು ಮುಗಿಯಲಿಲ್ಲವಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಅನ್ನಿಸಲಿ. ನನ್ನ ರೋಗಿಗಳಲ್ಲಿ ಒಬ್ಬರೂ ಮೂಕರಾಗಿರಲಿಲ್ಲ. ಅವರ ಮಾತನ್ನು ಕೇಳುವ ತಾಳ್ಮೆ ನಮಗೆ ಇರಲಿಲ್ಲ, ಅದನ್ನು ಹೇಳುತ್ತ ಹೇಳುತ್ತ ನನ್ನ ನೌಕರಿ ಮುಗಿಯಿತು.

ಕೊಲ್ಹಾಪುರದ ಒಂದು ಆಸ್ಪತ್ರೆಯ ಬಾಯಿ ಕ್ಯಾನ್ಸರ್ ವಿಭಾಗದಲ್ಲಿ ನಾನಿದ್ದೆ. ನಾಲಿಗೆ, ಕೆನ್ನೆ, ದವಡೆ ಕೊಯ್ಸಿಕೊಂಡವರಿಗೆ ಮತ್ತೆ ನುಂಗುವುದನ್ನೂ ಮಾತಾಡುವುದನ್ನೂ ಕಲಿಸುವುದು ನನ್ನ ಕೆಲಸ. ಜೊತೆಗೆ ಸಂಶೋಧನೆ: ಯಾವ ಶಸ್ತ್ರಕ್ರಿಯೆಯ ನಂತರ ಯಾರ ಮಾತು ಎಷ್ಟು ಉಳಿಯಿತು ಎಂದು ಅಳೆಯುವುದು. ನಮ್ಮ ಕಡೆ ಹೆಂಗಸರನ್ನು ‘ಬಾಯಿ’ ಎಂದೇ ಕರೆಯುವ ರೂಢಿ. ನನ್ನನ್ನು ಕೂಗುವ ಮಾತೂ ನನ್ನ ಕಸುಬೂ ಒಂದೇ ಆಗಿಹೋಗಿತ್ತು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಬೇಕಿದ್ದರೆ ಆಫೀಸಿನವರನ್ನು ಕೇಳಿ, ನನಗೆ ನೆನಪಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನೀವು ಮಾತು ಕಲಿಸುವ ಮುಂಚೆ ಉಗುಳಿನ ಜೊತೆ ಗುದ್ದಾಡಬೇಕು. ಅರ್ಧ ನಾಲಿಗೆ ಹೋದವನಿಗೆ ತನ್ನ ಉಗುಳನ್ನು ತಾನು ನುಂಗುವುದೇ ಒಂದು ಹೊರೆ. ನಾವು ಮೊದಮೊದಲು ಎಲ್ಲರಿಗೂ ಚಮಚದಲ್ಲಿ ನೀರು ಕೊಟ್ಟು ಶುರುಮಾಡುತ್ತಿದ್ದೆವು, ನೀರೆಂದರೆ ಹಗುರ ಎಂಬ ನಂಬಿಕೆಯಿಂದ. ನೀರು ತೆಳುವು. ಉಳಿದ ನಾಲಿಗೆ ಅದನ್ನು ಹಿಡಿಯುವುದರೊಳಗೆ ಶ್ವಾಸನಾಳಕ್ಕೆ ಜಾರಿ, ರೋಗಿ ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದ. ಆಮೇಲೆ ಗದ್ದವನ್ನು ಎದೆಗೆ ಒತ್ತಿಸಿ, ಗಟ್ಟಿ ಅಂಬಲಿಯಿಂದ ಶುರುಮಾಡುವುದನ್ನು ಕಲಿತೆವು. ಅದನ್ನು ಕಲಿಯುವವರೆಗೆ ನಾವು ಎಷ್ಟು ಜನರನ್ನು ಕಾಡಿದೆವೋ.

ಮಿಶ್ರಿಯ ವಿಷಯವೂ ಹಾಗೆಯೇ. ತಂಬಾಕನ್ನು ಹುರಿದು ಕರ್ರಗೆ ಪುಡಿಮಾಡಿ ಹಲ್ಲಿಗೆ ತಿಕ್ಕಿಕೊಳ್ಳುವುದು ನಮ್ಮ ಕಡೆಯ ಹೆಂಗಸರ ಅಭ್ಯಾಸ. “ತಂಬಾಕ ತಿಂತೀರೇನ್ರಿ?” ಎಂದು ಕೇಳಿದರೆ ಸೆರಗು ಬಾಯಿಗೆ ಅಡ್ಡ ಹಿಡಿದು “ಶಿವ ಶಿವಾ, ಹೆಂಗಸರು ತಂಬಾಕ ತಿಂತಾರೇನ್ರಿ!” ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮಿಶ್ರಿ ಅವರ ಪಾಲಿಗೆ ತಂಬಾಕಲ್ಲ, ಹಲ್ಲುಪುಡಿ. “ಮುಂಜಾನೆ ಹಲ್ಲ ಯಾತರ್ಲೆ ತಿಕ್ಕೋತೀರಿ?” ಎಂದು ಕೇಳಬೇಕು. ಇಷ್ಟು ಗೊತ್ತಿಲ್ಲದೆ ‘ಮಹಿಳೆಯರಲ್ಲಿ ತಂಬಾಕು ಇಲ್ಲ’ ಎಂದು ಬರೆದುಕೊಂಡು ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗಡಹಿಂಗ್ಲಜ ನನ್ನ ತವರು. ಅಲ್ಲಿ ಸಂತೆಯ ದಿನ ನಮ್ಮ ಶಿಬಿರ ಇರುತ್ತಿತ್ತು. ಒಮ್ಮೆ ದೂರದ ಊರಿನಲ್ಲಿ ಓದಿಬಂದ ಡಾಕ್ಟರರೊಬ್ಬರು, ಹಲಕರ್ಣಿ ಕಡೆಯ ಒಬ್ಬ ಅಜ್ಜಿಯ ಮಾತಿನ ಪರೀಕ್ಷೆಗೆ ಕೂತರು. ಅಜ್ಜಿಗೆ ಕೆನ್ನೆಯ ಶಸ್ತ್ರಕ್ರಿಯೆ ಆಗಿತ್ತು. ಪರೀಕ್ಷೆಯ ಚಿತ್ರಗಳು ಪುಸ್ತಕದ ಕನ್ನಡದವು. ಮನೆಯ ಚಿತ್ರ ತೋರಿಸಿದರೆ ಅಜ್ಜಿ ‘ಮನಿ’ ಎಂದಳು. ಸೀರೆಗೆ ‘ಸೀರಿ’, ಒಲೆಗೆ ‘ಒಲಿ’. ಕುರ್ಚಿ ತೋರಿಸಿದರೆ ‘ಖುರ್ಚಿ’ ಎಂದಳು. ಡಾಕ್ಟರು ಬರೆದರು: ಕೊನೆಯ ಸ್ವರ ಕೆಟ್ಟಿದೆ, ಮೇಲಾಗಿ ‘ಕ’ ಅನ್ನುವಾಗ ಗಾಳಿ ಸೋರುತ್ತಿದೆ, ಇನ್ನೊಂದು ಶಸ್ತ್ರಕ್ರಿಯೆ ಬೇಕಾಗಬಹುದು.

ನಾನು ಓದಿ ನಕ್ಕುಬಿಟ್ಟೆ, ಆಮೇಲೆ ಸಿಟ್ಟು ಬಂತು. “ಡಾಕ್ಟರ, ಹೊರಗ ಸಂತ್ಯಾಗ ಹೋಗಿ ನಿಂದರ್ರಿ. ಮೆಣಸಿನಕಾಯಿ ಮಾರಾವರ್ನ ಕೇಳ್ರಿ, ನನ್ನ ಕೇಳ್ರಿ. ನಾವೆಲ್ಲಾರೂ ಮನೀನ ಅಂತೀವಿ, ಖುರ್ಚೀನ ಅಂತೀವಿ. ಎಲ್ಲಾರ ಬಾಯೂ ಕೊಯ್ತೀರೇನು?” ಎಂದೆ. ಅಜ್ಜಿ ಏನಾಯಿತೆಂದು ತಿಳಿಯದೆ “ನಾ ಏನ ತಪ್ಪ ಹೇಳಿನೆವ್ವಾ?” ಎಂದು ನನ್ನ ಕೈ ಹಿಡಿದಳು. ಅವಳ ಆ ಪ್ರಶ್ನೆ ನನಗೆ ಇವತ್ತೂ ಉರಿ ಎಬ್ಬಿಸುತ್ತದೆ. ಅಂದಿನಿಂದ ಪರೀಕ್ಷೆಯ ಶಬ್ದಗಳನ್ನು ನಾನೇ ಬದಲಿಸಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹೊಲದವರಿಗೆ ಹೊಲದ ಶಬ್ದ, ಮಗ್ಗದವರಿಗೆ ಮಗ್ಗದ ಶಬ್ದ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ಇದು ಸೇರಲಿಲ್ಲ. ಅವರನ್ನು ಎಲ್ಲರೂ ‘ದೊಡ್ಡ ಸರ್’ ಎನ್ನುತ್ತಿದ್ದರು. ಶಸ್ತ್ರಕ್ರಿಯೆಯಲ್ಲಿ ಅವರನ್ನು ಸರಿಗಟ್ಟುವವರು ಈ ಭಾಗದಲ್ಲಿ ಇರಲಿಲ್ಲ. ಮುಂಗೈಯ ಚರ್ಮ ತೆಗೆದು ಬಾಯೊಳಗೆ ನಾಲಿಗೆಯ ಆಕಾರಕ್ಕೆ ಹೊಲಿದರೆ ನೋಡುತ್ತ ನಿಲ್ಲಬೇಕು ಅನ್ನಿಸುತ್ತಿತ್ತು. ಅದೇ ಮನುಷ್ಯ ಕತ್ತರಿ ಕೆಳಗಿಟ್ಟ ಮೇಲೆ ರೋಗಿಯನ್ನು ಮರೆತುಬಿಡುತ್ತಿದ್ದರು. ಅವರ ಜೊತೆ ನನ್ನ ದೊಡ್ಡ ಜಗಳ ಆದದ್ದು ಭೂಪಾಲನ ಸಲುವಾಗಿ.

ಭೂಪಾಲ ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯಲ್ಲಿ ಜಾಬರ್. ಮಗ್ಗ ಕೆಟ್ಟರೆ ಸರಿಮಾಡುವವನು, ನೇಕಾರರಿಗೆ ಕೆಲಸ ಹೇಳುವವನು. ಶೆಡ್ಡಿನಲ್ಲಿ ಹತ್ತಿಯ ಧೂಳು ಹಾರುವುದರಿಂದ ಬೀಡಿ ಹಚ್ಚಲು ಬಿಡುವುದಿಲ್ಲ. ಆದ್ದರಿಂದ ಎಲ್ಲರ ದವಡೆಯಲ್ಲೂ ಸುಣ್ಣ ತಿಕ್ಕಿದ ತಂಬಾಕಿನ ಉಂಡೆ. ಬಟ್ಟೆಗೆ ಬೆಂಕಿ ಬೀಳಬಾರದು, ಬಾಯಿಗೆ ಬಿದ್ದರೆ ಯಾವ ಮಾಲಕನಿಗೂ ಚಿಂತೆಯಿಲ್ಲ. ಭೂಪಾಲನ ನಾಲಿಗೆಯ ಬಲಗಡೆ ಹುಣ್ಣಾಗಿ, ಮಾಯದೆ, ಕಡೆಗೆ ನಮ್ಮಲ್ಲಿಗೆ ಬಂದ. ಅರ್ಧ ನಾಲಿಗೆ ತೆಗೆಯಬೇಕು ಎಂದು ದೊಡ್ಡ ಸರ್ ಹೇಳಿದ ಸಂಜೆಯೇ ಆಸ್ಪತ್ರೆಯಿಂದ ಓಡಿಹೋದ. ಕರೆಸಿದೆವು, ಮತ್ತೆ ಓಡಿಹೋದ.

ನಾನು ಅವನನ್ನು ಹುಡುಕಿಕೊಂಡು ಇಚಲಕರಂಜಿಗೆ ಹೋದೆ. ಬಾಗಿಲ ಹೊರಗೆ ಸೈಕಲ್ಲು ಮೋಟರುಸೈಕಲ್ಲುಗಳ ಸಾಲು, ಒಳಗೆ ಕಾಲಿಟ್ಟರೆ ಕಿವಿ ಹಾರಿಹೋಗುವಂಥ ಖಟಖಟ. ಭೂಪಾಲನನ್ನು ಕಂಡು ಗಂಟಲು ಹರಿಯುವಂತೆ ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವನು ನನ್ನನ್ನು ನೋಡಿ, ದೂರದ ಮಗ್ಗದ ಬಳಿ ನಿಂತಿದ್ದ ಇಸ್ಮಾಯಿಲನೆಂಬ ನೇಕಾರನ ಕಡೆ ತಿರುಗಿ ತುಟಿ ಆಡಿಸಿದ. ದನಿ ತೆಗೆಯಲೇ ಇಲ್ಲ. ಇಸ್ಮಾಯಿಲನೂ ದನಿಯಿಲ್ಲದೆ ಏನೋ ಹೇಳಿದ, ಇಬ್ಬರೂ ನಕ್ಕರು. ನನ್ನ ವಿಷಯವೇ ಇರಬೇಕು. ಈ ಜನ ಪಾಳಿಯ ಹೊತ್ತೆಲ್ಲ ಒಬ್ಬರ ತುಟಿ ಇನ್ನೊಬ್ಬರು ನೋಡಿಯೇ ಮಾತಾಡುತ್ತಾರೆ ಎಂಬುದು ನನಗೆ ಅಲ್ಲಿ ಹೊಳೆಯಿತು.

ಹೊರಗೆ ಚಹಾದ ಗಾಡಿಯ ಹತ್ತಿರ ಅವನನ್ನು ಕೂರಿಸಿದೆ. “ಯಾಕ ಓಡಿ ಬಂದ್ರಿ?” ಎಂದೆ.

“ನಾಲಿಗಿ ಕೊಯ್ದ ಮ್ಯಾಲ ಮಾತ ಹೆಂಗ ಆಡ್ಲಿರಿ ಅಕ್ಕಾರ? ಜಾಬರ್ ಅಂದ್ರ ಬಾಯಿ ಇರಬೇಕರಿ. ನೌಕರಿ ಹೋತಂದ್ರ ಮನಿ ಕುಂತು ಏನ ಮಾಡ್ಲಿ?”

“ಒಳಗ ನಿಮ್ಮ ದನಿ ಯಾರಿಗೆ ಕೇಳತೈತಿ, ಭೂಪಾಲಣ್ಣಾ?”

ಬದಿಯಲ್ಲಿದ್ದ ಇಸ್ಮಾಯಿಲ ನಗುತ್ತ, “ಇವನ ದನಿ ಹೆಂಗೈತಿ ಅಂತ ನನಗ ಖರೇನ ನೆನಪಿಲ್ರಿ” ಎಂದ. ಭೂಪಾಲನೂ ನಕ್ಕ. “ತುಟಿ ಇರತಾವಲ್ರಿ?” ಎಂದು ಕೇಳಿದ. “ತುಟಿಗೆ ಕತ್ರಿ ಹಚ್ಚೂದಿಲ್ಲ” ಎಂದೆ. ಮರುದಿನ ಬಂದು ಭರ್ತಿಯಾದ.

ಶಸ್ತ್ರಕ್ರಿಯೆ ಚೆನ್ನಾಗಿ ಆಯಿತು. ಮೂಗಿನ ನಳಿಕೆ ತೆಗೆದೆವು, ಅಂಬಲಿ ಇಳಿಯಿತು, ಚಹಾ ಇಳಿಯಿತು. ವಿಕಿರಣ ಚಿಕಿತ್ಸೆಯಲ್ಲಿ ಬಾಯಿ ಒಣಗಿ ಕಟ್ಟಿಗೆಯಾದಾಗಲೂ ಮಾತಿನ ಅಭ್ಯಾಸ ಬಿಡಲಿಲ್ಲ. ಕಡೆಗೆ ಮಾತಿನ ಪರೀಕ್ಷೆ ಬಂತು. ನಮ್ಮ ಪದ್ಧತಿ ಹೀಗೆ: ರೋಗಿ ಹೇಳಿದ್ದನ್ನು ಶಾಂತ ಕೋಣೆಯಲ್ಲಿ ರೆಕಾರ್ಡು ಮಾಡುವುದು, ಅವನನ್ನು ಎಂದೂ ನೋಡದ ಕೆಲವರನ್ನು ಕೂರಿಸಿ ಕೇಳಿಸುವುದು, ಅವರಿಗೆ ತಿಳಿದ ಶಬ್ದ ಬರೆಸುವುದು. ತುಟಿಯಿಂದ ಹುಟ್ಟುವ ಪ, ಬ, ಮ ಭೂಪಾಲನಿಗೆ ಚೆನ್ನಾಗಿಯೇ ಬರುತ್ತಿದ್ದವು. ನಾಲಿಗೆಯ ತುದಿ ಬೇಕಾದಲ್ಲಿ ಬಡವ ಸೋಲುತ್ತಿದ್ದ. ಮಗ್ಗದವನೆಂದು ನಾನು ‘ಲಾಳಿ’ ಎಂಬ ಶಬ್ದ ಸೇರಿಸಿದ್ದೆ, ಮಗ್ಗದಲ್ಲಿ ಹಾಸಿನ ನಡುವೆ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿ. ಅವನ ಬಾಯಲ್ಲಿ ಲ ಇಲ್ಲ, ಳ ಇಲ್ಲ. ‘ಆಯಿ’ ಎಂದ. ಕೇಳಿದವರೆಲ್ಲ ‘ಆಯಿ’ ಎಂದೇ ಬರೆದರು, ಅಂದರೆ ತಾಯಿ. ಉಳಿದ ಶಬ್ದಗಳ ಪಾಡೂ ಅಷ್ಟಕ್ಕಷ್ಟೇ.

ಕಾರಖಾನೆಯ ಮಾಲಕ ಕೆಟ್ಟವನಲ್ಲ. ಭೂಪಾಲನ ಜಾಗ ಹಾಗೇ ಇಟ್ಟುಕೊಂಡಿದ್ದ. ಆದರೆ ಆಸ್ಪತ್ರೆಯವರು ‘ಇವನ ಮಾತು ತಿಳಿಯುತ್ತದೆ’ ಎನ್ನಬೇಕು, ಆಗ ಮಾತ್ರ ಜಾಬರ್ ಕೆಲಸ ಎಂದು ಹೇಳಿ ಕಳಿಸಿದ. ದೊಡ್ಡ ಸರ್ ಪರೀಕ್ಷೆಯ ಫಲ ನೋಡಿ ಇಲ್ಲವೆಂದು ತಲೆ ಆಡಿಸಿದರು.

“ಬಾಯಿ, ಇದ್ದದ್ದ ಇದ್ದಂಗ ಹೇಳಬೇಕು. ಮಾತು ತಿಳಿಯೂದಿಲ್ಲ. ಬ್ಯಾರೆ ಕೆಲಸ ಮಾಡ್ಲಿ.”

“ಸರ್, ಅವರ ಕೆಲಸದಾಗ ಮಾತು ಕಿವಿಲೆ ಕೇಳೂದಲ್ಲ, ಕಣ್ಣಿಲೆ ನೋಡೂದು.”

“ಅದು ಮಾತು ಹೆಂಗ ಆತು? ಅದು ಊಹೆ.”

ಮುಂದಿನ ರಜೆಯ ದಿನ ಇಸ್ಮಾಯಿಲನನ್ನೂ ಇನ್ನಷ್ಟು ನೇಕಾರರನ್ನೂ ವಿಭಾಗಕ್ಕೆ ಕರೆತಂದೆ. ಮೊದಲು ಭೂಪಾಲನ ರೆಕಾರ್ಡು ಕೇಳಿಸಿದೆ. ಅವರಿಗೂ ಹೆಚ್ಚೇನೂ ತಿಳಿಯಲಿಲ್ಲ, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆಮೇಲೆ ಭೂಪಾಲನನ್ನು ಎದುರಿಗೆ ಕೂರಿಸಿ ಅವೇ ಶಬ್ದಗಳನ್ನು ಹೇಳಿಸಿದೆ. ನೇಕಾರರು ತಡವರಿಸದೆ ಹೇಳುತ್ತ ಹೋದರು. ಲಾಳಿ ಬಂದಾಗ ಇಸ್ಮಾಯಿಲ, “ಆಯಿ ಅಲ್ರಿ, ಲಾಳಿ. ಆಯಿ ಅನ್ನುವಾಗ ಯಾರಾದ್ರೂ ಗದ್ದಾ ಹಿಂಗ ಮುಂದ ತರತಾರೇನ್ರಿ?” ಎಂದು ಮಾಡಿಯೂ ತೋರಿಸಿದ.

ದೊಡ್ಡ ಸರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಅಹೋ ಬಾಯಿ, ಇವರು ಪರಿಚಯದವರು. ಮಾರಿ ನೋಡಿ ಹೇಳಾಕತ್ತಾರ. ಇದನ್ನ ಸಂಶೋಧನೆ ಅನ್ನೂದಿಲ್ಲ.”

“ನೀವು ನಿಮ್ಮ ಮನ್ಯಾಗ ಅಪರಿಚಿತರ ಜೋಡಿ ಮಾತಾಡ್ತೀರೇನ್ರಿ, ಸರ್? ಗ್ವಾಡಿ ಕಡೆ ಮಾರಿ ಮಾಡಿ ಮಾತಾಡ್ತೀರೇನು?”

ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು ಎಂದು ನನ್ನ ಹಿತೈಷಿಗಳು ಆಮೇಲೆ ಹೇಳಿದರು. ನನಗೆ ಅವತ್ತೂ ಹಾಗೆ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಒಬ್ಬನ ಹೊಟ್ಟೆಯ ಪ್ರಶ್ನೆ ಮೇಜಿನ ಮೇಲಿರುವಾಗ ಮರ್ಯಾದೆಯ ಲೆಕ್ಕ ಹಾಕುತ್ತ ಕೂರುವವರು ಬೇರೆ ಕಸುಬು ಹುಡುಕಿಕೊಳ್ಳಲಿ. ದೊಡ್ಡ ಸರ್ ಹೊರಟುಹೋದರು. ವಾರ ಕಳೆಯುವುದರೊಳಗೆ ನನ್ನನ್ನು ಸಂಶೋಧನೆಯ ತಂಡದಿಂದ ಬಿಡಿಸಿದರು. ವಾರ್ಡಿನ ಕೆಲಸ ಮಾತ್ರ ಉಳಿಯಿತು. ಒಳ್ಳೆಯದೇ ಆಯಿತು ಎಂದುಕೊಂಡು ನಾನು ನೆಟ್ಟಗೆ ಇಚಲಕರಂಜಿಯ ಬಸ್ಸು ಹತ್ತಿದೆ.

ಮಾಲಕನ ಮುಂದೆ ನಿಂತು ಹೇಳಿದೆ: “ಆಸ್ಪತ್ರಿ ಏನ ಅಂತೈತೋ ಬಿಡ್ರಿ, ನಾ ನನ್ನ ಹೆಸರಿಲೆ ಹೇಳತೇನಿ. ಇವರ ಮಾತು ತಿಳಿತೈತಿ, ಮಾರಿ ನೋಡಿದ್ರ. ನಿಮ್ಮ ಶೆಡ್ಡಿನಾಗ ಎಲ್ಲಾರದೂ ಹಂಗ ಐತಿ.” ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. “ಬಾಯಿ, ನೀವು ಬರೆದ ಕೊಡೂದ ಬ್ಯಾಡ. ಒಂದ ಪಾಳಿ ನಡಸ್ಲಿ, ಮಗ್ಗ ನಿಂದರಬಾರದು, ಅಷ್ಟ.”

ಭೂಪಾಲ ಪಾಳಿ ನಡೆಸಿದ. ನಾನು ಮೂಲೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ನಿಂತಿದ್ದೆ. ಒಂದು ಮಗ್ಗದಲ್ಲಿ ನೂಲು ಹರಿಯಿತು, ಮತ್ತೊಂದರಲ್ಲಿ ಲಾಳಿ ಸಿಕ್ಕಿಕೊಂಡಿತು. ಅವನು ಅಲ್ಲಿಂದಲೇ ತುಟಿ ಆಡಿಸಿದರೆ ಜನ ಓಡಿ ಬಂದು ಹೇಳಿದಂತೆ ಮಾಡುತ್ತಿದ್ದರು. ಪಾಳಿ ಮುಗಿದಾಗ ಮಾಲಕ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿ ತಾನೂ ದನಿಯಿಲ್ಲದೆ ತುಟಿಯಲ್ಲೇ ಏನೋ ಹೇಳಿದ. ನನಗೆ ತಿಳಿಯಲಿಲ್ಲ. “ನಾಳಿಂದ ಇವ ಬರ್ಲಿ ಅಂದ್ರು” ಎಂದು ಇಸ್ಮಾಯಿಲ ಹೊರಗೆ ಬಂದ ಮೇಲೆ ಬಿಡಿಸಿ ಹೇಳಿದ. ಅದೇ ದಿನ ನಾನು ತಂಬಾಕಿನ ಉಂಡೆಯ ವಿಷಯವನ್ನೂ ಮಾಲಕನಿಗೆ ಬಿಸಿಯಾಗಿ ಹೇಳಿ ಬಂದೆ. ಅದು ಬೇರೆ ಯುದ್ಧ, ಇನ್ನೂ ಮುಗಿದಿಲ್ಲ.

ಶೆಡ್ಡು ಗೆದ್ದೆವು, ಮನೆಯಲ್ಲಿ ಸೋಲುತ್ತಿದ್ದೆವು. ಭೂಪಾಲನ ಹೆಂಡತಿ ಸುನಂದಾ ಒಂದು ದಿನ ಆಸ್ಪತ್ರೆಗೆ ಬಂದು ಅತ್ತಳು. “ಅವರ ಅಂದದ್ದು ನನಗ ಒಂದೂ ತಿಳಿಯೂದಿಲ್ರಿ. ಮತ್ತ ಮತ್ತ ಕೇಳಿದ್ರ ತಾಟ ಸರಿಸಿ ಎದ್ದ ಹೋಗ್ತಾರ.” ನಾನು ಅವರ ಮನೆಗೆ ಹೋಗಿ ಒಂದು ಮೂಲೆಯಲ್ಲಿ ಸುಮ್ಮನೆ ಕೂತೆ. ಅತ್ತೆ ಪಡಸಾಲೆಯಲ್ಲಿ ಕೂತಿರುತ್ತಾಳೆ. ಸುನಂದಾ ಗೋಡೆಯ ಕಡೆ ಮುಖಮಾಡಿ ರೊಟ್ಟಿ ಬಡಿಯುತ್ತಾಳೆ. ಗಂಡ ಅವಳ ಬೆನ್ನಿಗೆ ಮಾತಾಡುತ್ತಾನೆ, ಅವಳು ಗೋಡೆಗೆ ಉತ್ತರ ಕೊಡುತ್ತಾಳೆ. ಮದುವೆಯಾಗಿ ಬಂದಾಗಿನಿಂದ ಆ ಮನೆಯ ರೀತಿ ಅದೇ. ಹಿರಿಯರೆದುರು ಗಂಡನ ಮುಖವನ್ನು ಎವೆಯಿಕ್ಕದೆ ನೋಡುವ ಸೊಸೆಯನ್ನು ಆ ಕಡೆ ಯಾರೂ ಒಳ್ಳೆಯವಳು ಅನ್ನುವುದಿಲ್ಲ.

ನಾನು ಭೂಪಾಲನಿಗೆ ಯಾವ ಹೊಸ ಅಭ್ಯಾಸವನ್ನೂ ಕೊಡಲಿಲ್ಲ. ಅತ್ತೆಯ ಹತ್ತಿರ ಹೋಗಿ ಕೂತೆ. “ಆಯಿ, ನಿಮ್ಮ ಸೊಸಿಗೆ ಒಂದ ಔಷಧ ಹೇಳಬೇಕಾಗೇತಿ. ದಿನಾ ಗಂಡನ ಮಾರಿ ನೋಡಬೇಕು. ನಿಮ್ಮ ಮುಂದನ ನೋಡಬೇಕು. ನೀವ ಹೂಂ ಅಂದ್ರ ಆಕಿ ನೋಡ್ತಾಳ.”

ಮುದುಕಿ ನನ್ನನ್ನು ಕೆಂಗಣ್ಣಿನಿಂದ ನೋಡಿದಳು. ನಾನೂ ನೋಡಿದೆ. ಕಡೆಗೆ ಅವಳು ಒಳಗೆ ಕೇಳುವಂತೆ, “ಸುನಂದಾ, ಆ ಒಲಿ ಇತ್ತಾಗ ತಿರಿಗಿಸಿ ಇಟ್ಕೋ. ಆಂವಾ ಏನ ಅಂತಾನ ನೋಡು. ನನಗ ಕಣ್ಣ ಸರಿ ಕಾಣೂದಿಲ್ಲ, ನೀನರ ನೋಡಿ ನನಗ ಹೇಳು” ಎಂದಳು. ಸ್ವಲ್ಪ ದಿನಗಳ ನಂತರ ಸುನಂದಾ ಸಿಕ್ಕಾಗ ನಾಚಿಕೊಂಡು ಹೇಳಿದಳು: “ಈಗ ಎಲ್ಲಾ ತಿಳಿತೈತ್ರಿ ಅಕ್ಕಾರ. ಲಗ್ನ ಆದಾಗಿಂದ ಅವರ ಮಾರಿ ಇಷ್ಟ ಹೊತ್ತ ನಾ ನೋಡಿದ್ದ ಇಲ್ರಿ. ಎಡಗಡೆ ಗಲ್ಲದ ಮ್ಯಾಲ ಒಂದ ಮಚ್ಚಿ ಐತ್ರಿ, ಅದೂ ಗೊತ್ತಿರಲಿಲ್ಲ.” ಅವಳೆದುರು ಅಳಬಾರದೆಂದು ಅವಳನ್ನೇ ಗದರಿ ಕಳಿಸಿದೆ.

ಕೆಲವು ವರ್ಷಗಳ ನಂತರ ನಮ್ಮ ವಿಭಾಗದ ಪರೀಕ್ಷೆಯ ಪದ್ಧತಿ ಬದಲಾಯಿತು. ಈಗ ಎರಡು ಸಲ ಅಳೆಯುತ್ತಾರೆ: ಒಮ್ಮೆ ದನಿ ಮಾತ್ರ, ಇನ್ನೊಮ್ಮೆ ಮುಖ ನೋಡುತ್ತ. ಎರಡನೆಯದಕ್ಕೆ ರೋಗಿಯ ಮನೆಯವರನ್ನೂ ಜೊತೆ ಕೆಲಸ ಮಾಡುವವರನ್ನೂ ಕರೆಸುತ್ತಾರೆ. ದೊಡ್ಡ ಸರ್ ತಾವೇ ಅದನ್ನು ಜಾರಿಗೆ ತಂದರು. ಯಾರ ಮಾತಿನಿಂದ ಈ ಬದಲಾವಣೆ ಎಂದು ಎಲ್ಲೂ ಬರೆದಿಲ್ಲ. ನಾನು ಇಲ್ಲಿ ಬರೆಯುತ್ತಿದ್ದೇನೆ: ನನ್ನ ಮಾತಿನಿಂದ.

ಮೊನ್ನೆ ಇಚಲಕರಂಜಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ಮಗ್ಗದ ಸಾಮಾನು ಮಾರುವ ಅಂಗಡಿಯ ನೆರಳಿಗೆ ನಿಂತೆ. ನಡುವಯಸ್ಸಿನವನೊಬ್ಬ ಮೋಟರುಸೈಕಲ್ಲು ನಿಲ್ಲಿಸಿ, “ಎರಡ ಆಯಿ ಕೊಡ್ರಿ” ಎಂದ. ಅಂಗಡಿಯವನು ಏನೂ ಕೇಳದೆ ಎರಡು ಲಾಳಿ ತೆಗೆದು ಕಾಗದ ಸುತ್ತಿ ಕೊಟ್ಟ.

“ಇದಕ್ಕ ಆಯಿ ಅಂತಾರೇನ್ರಿ?” ಎಂದು ಅವನನ್ನೇ ಕೇಳಿದೆ.

“ನಮ್ಮ ಕಾರಖಾನ್ಯಾಗ ಹಂಗ ಅಂತೀವ್ರಿ. ಮೊದಲಿಂದೂ ಹಂಗ.”

“ಯಾಕ?”

“ಗೊತ್ತಿಲ್ರಿ. ನಮ್ಮ ಜಾಬರ್ ಹಂಗ ಅಂತಾರ, ಅದಕ್ಕ ಎಲ್ಲಾರೂ ಅಂತೀವಿ.” ಗಾಡಿ ಚಾಲೂ ಮಾಡಿಕೊಂಡು ಹೋದ.

ನಾನು ಅಲ್ಲಿಂದಲೇ ದೊಡ್ಡ ಸರ್‌ಗೆ ಫೋನು ಮಾಡಿದೆ. ಅವರೂ ನಿವೃತ್ತರಾಗಿ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದವಾಗಿದೆ. ಕೂಗಿ ಕೂಗಿ ಎಲ್ಲವನ್ನೂ ಹೇಳಿದೆ. ಅಂಗಡಿಯವನು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದ.

“ಬಾಯಿ, ಇನ್ನೂ ಜಗಳ ಬಿಟ್ಟಿಲ್ಲೇನು?” ಎಂದು ಆ ಕಡೆಯಿಂದ ಕೇಳಿದರು.

“ಇಲ್ರಿ ಸರ್,” ಎಂದೆ. “ಭೂಪಾಲ ಅಂದದ್ದು ಊರಿಗೆ ತಿಳದೈತಿ. ನೀವು ‘ಮಾತು ತಿಳಿಯೂದಿಲ್ಲ’ ಅಂದಿದ್ದನ್ನ ತಿದ್ದಿ ಬರಕೋರಿ.”